ಮೇಲಂತಸ್ತಿನ ಎರಡು ಕೋಣೆ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಎಸ್ಟಿಮೇಟ್ ಬರೆದವನು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಬೆಂಗಳೂರಿನಲ್ಲಿ ಒಂದು ಫ್ಲ್ಯಾಟಿಗೆ 50 ಲಕ್ಷ ಸಾಲ ತೆಗೆದರೆನ್ನಿ. ಶೇ. 8.5 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 43,400 ರೂಪಾಯಿ. ತೀರುವ ಹೊತ್ತಿಗೆ ಕಟ್ಟಿದ್ದು 1 ಕೋಟಿ 4 ಲಕ್ಷ. ಇಷ್ಟು ಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಅಂದರೆ ಕೈಯಿಂದ ಹನ್ನೆರಡೂವರೆ ಲಕ್ಷ ಮೊದಲೇ ಹಾಕಬೇಕು. ನೋಂದಣಿ ಖರ್ಚು ಬೇರೆ. ನಲವತ್ತು ಸಾವಿರ ಸಂಬಳದ ಹುಡುಗನಿಗೆ ನಾವು ಜಾತ್ರೆಯಲ್ಲಿ ಸಿಕ್ಕಾಗ, "ಮನಿ ಯಾವಾಗ ಮಾಡ್ತೀಯೋ ತಮ್ಮಾ?" ಎನ್ನುತ್ತೇವೆ. ಹೆಣ್ಣು ಕೊಡುವವರೂ ಮೊದಲು ಅದನ್ನೇ ಕೇಳುತ್ತಾರೆ.

"ನಾವು ನಮ್ಮ ಕಾಲ ಮೇಲೆ ನಿಂತವರು" ಎಂದು ನಾನೂ ಬಹಳ ಸಲ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಓದಿದ್ದು ಮಠದ ಪ್ರಸಾದ ನಿಲಯದಲ್ಲಿ. ಇಪ್ಪತ್ತೈದಕ್ಕೆ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿತು. ಮನೆ ಬಾಡಿಗೆ ಭತ್ಯೆ ಹೋಯಿತು ನಿಜ, ಆದರೆ ಬೀಗದ ಕೈ ನನ್ನ ಕಿಸೆಯಲ್ಲಿತ್ತು.

ಇನ್ನೊಂದು ಮಾತು. ಹೇಳಲು ನಾಚಿಕೆಯಾಗುತ್ತದೆ. ನಮ್ಮ ಮನೆಯ ಮೇಲೆ ಎರಡು ಕೋಣೆ ಇವೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ಹುಡುಗಿ ಕೇಳಿಕೊಂಡು ಬಂದಳು. ವೇದಿಕೆಯಲ್ಲಿ ಬಸವಣ್ಣನವರ ಹೆಸರು ಹೇಳುವ ನಾನು ಕೇಳಿದ್ದು, "ನೀವು ಯಾವ ಮಂದಿವಾ?" ಆಕೆ ಹೇಳಿದಳು. "ಬ್ಯಾರೆಯವರಿಗೆ ಮಾತು ಕೊಟ್ಟೇನಿ" ಎಂದೆ. ಯಾರಿಗೂ ಕೊಟ್ಟಿರಲಿಲ್ಲ. ಚಹಾ ತಂದುಕೊಟ್ಟ ನನ್ನ ಮಗಳು ಅಲ್ಲೇ ನಿಂತಿದ್ದಳು.

ಮರುವರ್ಷ ಆಕೆಗೆ ಬೆಂಗಳೂರಿನಲ್ಲಿ ನೌಕರಿಯಾಯಿತು. ಒಂದು ಕಡೆ ಒಂಟಿ ಹುಡುಗಿಗೆ ಕೊಡುವುದಿಲ್ಲ ಎಂದರು. ಇನ್ನೊಂದು ಕಡೆ ಜಾತಿ ಕೇಳಿದರು. ರಾತ್ರಿ ಫೋನ್ ಮಾಡಿ, "ಅಪ್ಪಾ, ನೀವು ಆ ಅಕ್ಕಗ ಕೇಳಿದ್ದನ್ನ ಇವತ್ತ ನನಗ ಕೇಳಿದ್ರು" ಎಂದಳು. ಅಷ್ಟೇ. ಬೈಯಲಿಲ್ಲ.

ಕೊನೆಗೆ ಸಿಕ್ಕ ಮನೆಗೆ ಬಾಡಿಗೆ 18,000, ಮುಂಗಡ ಹತ್ತು ತಿಂಗಳದ್ದು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳು ಎನ್ನುತ್ತದೆ. ಆ ಮನೆ ಮಾಲೀಕರಿಗೆ ಅದು ಮಾದರಿಯಾಗಿರಲಿಲ್ಲ. 1,80,000 ನಾನು ಕೊಟ್ಟೆ, ಪಿಂಚಣಿ ಇದೆ. ಒಣಬೇಸಾಯದ ರೈತನ ಮಗಳಿಗೆ ಯಾರು ಕೊಡಬೇಕು?

ಈಗ ನಮ್ಮ ಮೇಲಿನ ಕೋಣೆಗಳಲ್ಲಿ ಇಬ್ಬರು ಹುಡುಗರಿದ್ದಾರೆ. ಮುಂಗಡ ಎರಡು ತಿಂಗಳದ್ದು. ಯಾವ ಮಂದಿ ಎಂದು ನಾನು ಕೇಳಿಲ್ಲ. ನಮ್ಮ ಮನೆಯವರು ಕೇಳಿರಬಹುದು.

ಪೂಜ್ಯರಲ್ಲಿ ಒಂದು ಬಿನ್ನಹ. ಓದುವ ಮಕ್ಕಳಿಗೆ ಮಠದಲ್ಲಿ ನಿಲಯವಿದೆ. ಓದು ಮುಗಿದ ಮರುದಿನ ಗಂಟು ಕಟ್ಟಿಕೊಂಡು ಹೊರಡಬೇಕು. ಕಾಯಕಕ್ಕೆ ಹತ್ತಿದ ಮೊದಲ ಎರಡು ವರ್ಷಕ್ಕೂ ಒಂದು ನಿಲಯ ಬೇಕು. ಪುಕ್ಕಟೆ ಬೇಡ, ದುಡಿಯುವವರು ಕೊಡಲಿ. ಹಿಂದಿನ ಹಳೆಯ ಕಟ್ಟಡವನ್ನು ಹೋದ ವಾರ ಹತ್ತಿ ನೋಡಿ ಬಂದೆ. ಗೋಡೆ ಗಟ್ಟಿ ಇವೆ. ಎರಡು ತೊಲೆ ಬದಲಿಸಿ, ಶೌಚಾಲಯ ಕಟ್ಟಿದರೆ ಹನ್ನೆರಡು ಕೋಣೆ ಆಗುತ್ತವೆ. ಎಸ್ಟಿಮೇಟ್ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಬೇಡ. ಅರ್ಜಿ ನಮೂನೆಯಲ್ಲಿ ಜಾತಿಯ ಕಲಂ ಮಾತ್ರ ಇರಬಾರದು.