ಗಾಡಿ ಇಡೋಕೆ ಯಾವ ಪತ್ರ ಬೇಕು?

ತಾಯಂದಿರೇ, ಅಕ್ಕಂದಿರೇ,

ಇಡ್ಲಿ ಗಾಡಿ ಇಡಬೇಕು ಅಂತ ನಿಮ್ಮಲ್ಲಿ ಕೆಲವರು ಕೇಳಿದಿರಿ. ನಮಗೆ ತಿಳಿದದ್ದು ಹೇಳುತ್ತೇವೆ.

ಮೊದಲು ನಗರಸಭೆಗೆ ಹೋಗಿ. ಬೀದಿ ವ್ಯಾಪಾರದ ಪ್ರಮಾಣಪತ್ರ ಕೇಳಿ. 2014ರ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದಿದ್ದರೂ ಅರ್ಜಿ ಕೊಡಬಹುದು. ಗಾಡಿ ನಡೆಸೋರು ನೀವು. ಪತ್ರವೂ ನಿಮ್ಮ ಹೆಸರಲ್ಲೇ ಇರಲಿ, ಯಜಮಾನರ ಹೆಸರು ಬೇಡ.

ತಿಂಡಿ ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿಯೂ ಬೇಕೇ ಅಂತ ಕೇಳಿ ತಿಳಿದುಕೊಳ್ಳಿ. ಅದರ ನಂಬರಿನಲ್ಲಿ 14 ಅಂಕಿ ಇರುತ್ತವೆ. ಎಣಿಸಿ ನೋಡಿ. ಈಗ ಬರುತ್ತದಲ್ಲ! ಮನೆಯ ಗ್ಯಾಸ್ ಸಿಲಿಂಡರು ಗಾಡಿಗೆ ಹಾಕಬಾರದು. ವ್ಯಾಪಾರದ ಸಿಲಿಂಡರೇ ಬೇರೆ.

ಒಂದು ದಿನ ಸಾಮಾನು ಎತ್ತಿಕೊಂಡು ಹೋದರೆ? ಅಳುತ್ತಾ ನಿಲ್ಲಬೇಡಿ. ಏನೇನು ತೆಗೆದುಕೊಂಡಿರಿ, ಪಟ್ಟಿ ಕೊಡಿ ಅನ್ನಿ. ಸಹಿ ಹಾಕಿದ ಪಟ್ಟಿ ಕೊಡಲೇಬೇಕು. ಅಲ್ಲೇ ಓದಿ. ಹತ್ತು ಪಾತ್ರೆ ಹೋಗಿ ಎಂಟು ಬರೆದಿದ್ದರೆ ಅಲ್ಲೇ ಹೇಳಿ. ಆಮೇಲೆ ಹೇಳಿದರೆ ಯಾರು ಕೇಳ್ತಾರೆ? ಹಿಟ್ಟು, ಚಟ್ನಿಯಂಥ ಕೆಡುವ ಸಾಮಾನನ್ನು ನೀವು ಕೇಳಿದ ದಿನವೇ ಬಿಡಬೇಕು. ಒಲೆ, ಪಾತ್ರೆ ಎರಡು ಕೆಲಸದ ದಿನದೊಳಗೆ. ಇದಕ್ಕೆ ಶುಲ್ಕ ಉಂಟು. ಕಟ್ಟಿ, ಆದರೆ ರಸೀದಿ ಇಸ್ಕೊಳ್ಳಿ.

ಅರ್ಜಿ ಬರೆದುಕೊಡ್ತೀವಿ, ದುಡ್ಡು ಕೊಡಿ ಅನ್ನೋರು ಕಚೇರಿ ಬಾಗಿಲಲ್ಲೇ ಇರ್ತಾರೆ. ನಾವೇ ಬರೆಯೋಣ. ನಾಳೆ ಸ್ಲೇಟು ಬೇಡ, ಪೆನ್ನು ತನ್ನಿ.