ರಾಜ್ಯಸಭೆಯ ಸ್ಥಿರತೆಯೂ ಪರಿವರ್ತನೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಸತ್ತಿನ ಮೇಲ್ಮನೆಯಾದ ರಾಜ್ಯಸಭೆಯನ್ನು ಕುರಿತು ಕೆಲವು ಮಾತುಗಳನ್ನು ತಮ್ಮಲ್ಲಿ ಅರಿಕೆಮಾಡಲಿಚ್ಛಿಸುವೆನು. ಲೋಕಸಭೆಯು ವಿಸರ್ಜಿತವಾಗಿ ಮರಳಿ ಹುಟ್ಟುವುದು. ರಾಜ್ಯಸಭೆಗಾದರೋ ವಿಸರ್ಜನೆಯೆಂಬುದೇ ಇಲ್ಲ. ಎರಡು ವರ್ಷಗಳಿಗೊಮ್ಮೆ ಸದಸ್ಯರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಂದಿ ನಿವೃತ್ತರಾಗುವರು; ಅವರ ಸ್ಥಾನಕ್ಕೆ ಹೊಸಬರು ಬರುವರು. ನೀರು ಹೊಸದಾದರೂ ಹೊಳೆಯು ಹಳೆಯದೇ. ಆದರೆ ಕೆಲವು ವೇಳೆ ಹೊಳೆಯು ತನ್ನ ಪಾತ್ರವನ್ನೇ ಬದಲಿಸುವುದುಂಟು. ಅದನ್ನು ದಡದವರು ಅರಿತಿರಬೇಕು.

1952ರಲ್ಲಿ ಈ ಸಭೆಯು ರಚಿತವಾದಾಗ ಸದಸ್ಯರು 216 ಮಂದಿ. ಈಗಿನ ಸ್ಥಾನಗಳು 245. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ಪರಿಣತರಾದ 12 ಮಂದಿಯನ್ನು ರಾಷ್ಟ್ರಪತಿಗಳು ನೇಮಿಸುವರು. ಮೊದಲ ಸಲ ಹಾಗೆ ಬಂದವರಲ್ಲಿ ವಿಜ್ಞಾನಿ ಸತ್ಯೇಂದ್ರನಾಥ ಬೋಸರೂ ನೃತ್ಯವಿದುಷಿ ರುಕ್ಮಿಣೀದೇವಿಯವರೂ ಇದ್ದರು. ಉಳಿದವರನ್ನು ಬಹುಮಟ್ಟಿಗೆ ರಾಜ್ಯಗಳ ಶಾಸಕರು ಚುನಾಯಿಸುವರು. 1954ರಲ್ಲಿ ಸಭೆಗೆ ರಾಜ್ಯಸಭೆಯೆಂಬ ಹೆಸರಾಯಿತು.

ಹೆಸರಿಗೆ ತಕ್ಕಂತೆ, ಒಂದು ರಾಜ್ಯದ ಪ್ರತಿನಿಧಿಯು ಆ ರಾಜ್ಯದ ಮತದಾರನೇ ಆಗಿರಬೇಕೆಂದು ಮೊದಲು ನಿಯಮವಿದ್ದಿತು. 2003ರಲ್ಲಿ ಅದನ್ನು ತೆಗೆದುಹಾಕಿದರು. ಭಾರತದ ಯಾವ ಕ್ಷೇತ್ರದ ಮತದಾರನಾದರೂ ಸಾಕೆಂದಾಯಿತು. ಅಂದೇ ಗುಪ್ತ ಮತದಾನವೂ ಹೋಗಿ, ಪಕ್ಷಕ್ಕೆ ಸೇರಿದ ಶಾಸಕನು ತಾನು ಗುರುತು ಮಾಡಿದ ಮತಪತ್ರವನ್ನು ತನ್ನ ಪಕ್ಷದ ಪ್ರತಿನಿಧಿಗೆ ತೋರಿಸುವ ಪದ್ಧತಿಯು ಬಂದಿತು. ಹಣಕ್ಕೆ ಮತ ಮಾರುವ ಅನಾಚಾರವನ್ನು ತಡೆಯುವುದೇ ಇದರ ಉದ್ದೇಶವೆಂದು ಹೇಳಲಾಯಿತು. ಆ ಕಾರಣವು ಹಗುರವಾದುದಲ್ಲ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡನ್ನೂ ಎತ್ತಿಹಿಡಿಯಿತು.

ಆದರೂ ಒಂದು ಸಂದೇಹವು ಉಳಿಯುವುದು. ಹಣಕಾಸಿನ ಮಸೂದೆಯನ್ನು ಈ ಸಭೆಯು 14 ದಿನಗಳಿಗಿಂತ ಹೆಚ್ಚು ತಡೆಯಲಾರದೆಂಬುದು ನಿಜ. ಆದರೆ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯದ ಮೇಲೆ ರಾಷ್ಟ್ರಹಿತಕ್ಕಾಗಿ ಸಂಸತ್ತು ಶಾಸನ ಮಾಡಬಹುದೆಂದು ಮೂರರಲ್ಲೆರಡರ ಬಹುಮತದಿಂದ ಅನುಮತಿ ಕೊಡುವ ಅಧಿಕಾರವು ಇದಕ್ಕೊಂದಕ್ಕೇ ಉಂಟು. ಮನೆಯ ಬೀಗದ ಕೈಯನ್ನು ಹಿಡಿದವರು ಆ ಮನೆಯ ಸುಖದುಃಖಗಳನ್ನು ಬಲ್ಲವರಾಗಿರಬೇಡವೇ? ಪಕ್ಷದ ಕಣ್ಣೆದುರಿಗೆ ಆರಿಸಲ್ಪಟ್ಟವನು, ಪಕ್ಷದ ಹಿತಕ್ಕೂ ರಾಜ್ಯದ ಹಿತಕ್ಕೂ ವಿರೋಧ ಬಂದಾಗ ಯಾವುದನ್ನು ನೆನೆಯುವನು?

ನಿಯಮವು ಕೇಳದ ಪ್ರಶ್ನೆಯನ್ನು ಪ್ರಜೆಗಳು ಕೇಳಬೇಕು. ಕರ್ನಾಟಕಕ್ಕೆ 12 ಸ್ಥಾನಗಳಿವೆ. ಆ ಹನ್ನೆರಡು ಮಂದಿ ಯಾರೆಂದು ನಮ್ಮಲ್ಲಿ ಎಷ್ಟು ಜನರು ಬಲ್ಲೆವು? ಅವರು ಅಲ್ಲಿ ಏನನ್ನಾಡಿದರೆಂದು ಎಷ್ಟು ಜನರು ವಿಚಾರಿಸಿದೆವು? ಸಭೆಯು ಅಳಿಯದಿದ್ದರೆ ಸಾಲದು. ಅದರ ಉದ್ದೇಶವೂ ಅಳಿಯಬಾರದು. ಅದನ್ನು ಕಾಯುವ ಎಚ್ಚರವು ನಮ್ಮೆಲ್ಲರಲ್ಲಿಯೂ ನೆಲೆಗೊಳ್ಳಲೆಂದು ಹಾರೈಸಿ ವಿರಮಿಸುವೆನು.