ಹಳೆಯ ಇಪಿಎಬಿಎಕ್ಸ್‌ಗೆ ಹೊಸ ಲೈನು

ನಿಮ್ಮಲ್ಲಿ ಹಲವರು ಕಚೇರಿಯ ಆಡಳಿತ ನೋಡಿಕೊಳ್ಳುವವರು, ಕೆಲವರು ಸ್ವಂತ ವ್ಯವಹಾರ ನಡೆಸುವವರು. ನಿಮ್ಮಲ್ಲೂ ಹದಿನೈದು-ಇಪ್ಪತ್ತು ವರ್ಷದ ಇಪಿಎಬಿಎಕ್ಸ್ ಪೆಟ್ಟಿಗೆಯೊಂದು ಗೋಡೆಯ ಮೇಲಿರಬಹುದು. ಡಿಜಿಟಲ್ ಲೈನ್ ಬೇಕಾದರೆ ಇದನ್ನು ಬಿಸಾಡಿ ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ.

ನಾವು ಪಿಆರ್‌ಐ ಎನ್ನುವ ಲೈನು ಇ1 ಎಂಬ ಹಾದಿಯಲ್ಲಿ ಬರುತ್ತದೆ. ಅದರಲ್ಲಿ 64 ಕಿಲೋಬಿಟ್‌ನ 32 ಖಾನೆಗಳು. ಒಂದು ಖಾನೆ ತಾಳ ಕಾಯುವುದಕ್ಕೆ, ಇನ್ನೊಂದು ಯಾರು ಯಾರಿಗೆ ಕರೆ ಮಾಡಿದರು ಎಂದು ತಿಳಿಸುವುದಕ್ಕೆ. ಉಳಿದ 30ರಲ್ಲಿ ಏಕಕಾಲಕ್ಕೆ 30 ಮಾತುಕತೆ. ಈಗ ಹಲವು ಕಡೆ ಫೈಬರ್‌ನಲ್ಲಿ ಸಿಪ್ ಟ್ರಂಕ್ ಕೊಡುತ್ತಾರೆ. ಆಗಲೂ ನಡುವೆ ಗೇಟ್‌ವೇ ಇಟ್ಟು ಹಳೆಯ ಪೆಟ್ಟಿಗೆಗೆ ಇ1 ಆಗಿಯೇ ಇಳಿಸಬಹುದು.

ಮೊದಲು ನೋಡಬೇಕಾದದ್ದು, ನಿಮ್ಮ ಪೆಟ್ಟಿಗೆಗೆ ಪಿಆರ್‌ಐ ಕಾರ್ಡ್ ಸಿಗುತ್ತದೆಯೇ ಎಂದು. ಸಿಗದಿದ್ದರೆ ಅನಲಾಗ್ ಪೋರ್ಟ್ ಕೊಡುವ ಗೇಟ್‌ವೇ ಬೇಕು. ಆದರೆ ಹೊರಗಿನವರು ನೇರವಾಗಿ ಎಕ್ಸ್‌ಟೆನ್ಷನ್‌ಗೆ ಡಯಲ್ ಮಾಡುವ ಸೌಲಭ್ಯ ಆಗ ಸಾಮಾನ್ಯವಾಗಿ ತಪ್ಪುತ್ತದೆ. ಎರಡನೆಯದು ಕೇಬಲ್. ಒಂದು ಕಡೆ 75 ಓಮ್‌ನ ಕೋಆಕ್ಸಿಯಲ್, ಇನ್ನೊಂದು ಕಡೆ 120 ಓಮ್‌ನ ಜೋಡಿ ತಂತಿ ಇದ್ದರೆ ನಡುವೆ ಬಾಲನ್ ಎಂಬ ಪುಟ್ಟ ಬಿಡಿಭಾಗ ಹಾಕಬೇಕು. ಮೂರನೆಯದು, ಸಿಆರ್‌ಸಿ-4 ಎಂಬ ತಪಾಸಣೆ ಎರಡೂ ಕಡೆ ಒಂದೇ ರೀತಿ ಇರಬೇಕು.

ನಾಲ್ಕನೆಯದು ಗಡಿಯಾರ. ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಹೊಸ ಲೈನ್ ಹಾಕಿದ ಮೇಲೆ ಮಾತಿನ ನಡುವೆ ಟಕ್ ಟಕ್ ಸದ್ದು, ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತಿತ್ತು. ಕಾರ್ಡ್ ಕೆಟ್ಟಿದೆ ಎಂದು ಎರಡು ಸಲ ಬದಲಿಸಿದರು. ನಾನು ಹೋಗಿ ನೋಡಿದರೆ, ಪೆಟ್ಟಿಗೆ ಲೈನಿನ ತಾಳ ಹಿಡಿಯುವ ಬದಲು ತನ್ನದೇ ತಾಳ ಹಾಕುತ್ತಿತ್ತು! ಭಜನೆಯಲ್ಲಿ ಇಬ್ಬರು ಬೇರೆ ಬೇರೆ ತಾಳ ಹಾಕಿದರೆ ಹೇಗಿರುತ್ತದೆ, ಹಾಗೆ. ಗಡಿಯಾರವನ್ನು ಲೈನಿನಿಂದ ಪಡೆಯುವಂತೆ ಬದಲಿಸಿದೆವು, ಸದ್ದು ನಿಂತಿತು. ಖರ್ಚು ಏನೂ ಇಲ್ಲ.

ಆದರೆ ಅದೇ ಆಸ್ಪತ್ರೆಯಲ್ಲಿ ನಾನೂ ಒಂದು ಮಾತು ಮರೆತಿದ್ದೆ. ಹಳೆಯ ಅನಲಾಗ್ ಲೈನಿಗೆ ವಿದ್ಯುತ್ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತದೆ. ಹಲವು ಇಪಿಎಬಿಎಕ್ಸ್‌ಗಳಲ್ಲಿ ಕರೆಂಟ್ ಹೋದರೆ ಒಂದು ಲೈನು ತಾನಾಗಿ ಒಂದು ಫೋನಿಗೆ ಜೋಡಿಕೊಳ್ಳುತ್ತದೆ. ಪಿಆರ್‌ಐಗೆ ಆ ಅನುಕೂಲ ಇಲ್ಲ. ಒಂದು ರಾತ್ರಿ ಕರೆಂಟ್ ಹೋಯಿತು, ಬ್ಯಾಟರಿ ಮುಗಿಯಿತು. ಎಲ್ಲ ಫೋನುಗಳೂ ಮೂಕವಾದವು. ಹೆರಿಗೆ ನೋವು ಬಂದ ಹೆಂಡತಿಗಾಗಿ ಕರೆ ಮಾಡುತ್ತಿದ್ದ ಒಬ್ಬರು ಕೊನೆಗೆ ಆಟೋ ಹಿಡಿದು ಬಂದರು. ತಾಯಿ-ಮಗು ಕ್ಷೇಮ. ಆದರೆ ಗೇಟಿನಲ್ಲಿ ಅವರು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ: “ಯಾಕೆ ಯಾರೂ ಫೋನ್ ಎತ್ತಲಿಲ್ಲ?”

ಆದ್ದರಿಂದ ಕೇಳುಗರೇ, ಸಾಧ್ಯವಿದ್ದರೆ ಒಂದು ಹಳೆಯ ತಾಮ್ರದ ಲೈನನ್ನು ಉಳಿಸಿಕೊಳ್ಳಿ. ಅದಿಲ್ಲದಿದ್ದರೆ ಇಪಿಎಬಿಎಕ್ಸ್, ಗೇಟ್‌ವೇ, ಮೋಡೆಮ್ ಮೂರಕ್ಕೂ ಯುಪಿಎಸ್ ಕೊಡಿ. ಲೈನ್ ಸತ್ತಾಗ ಕರೆಗಳು ಒಂದು ಮೊಬೈಲಿಗೆ ಹೋಗುವಂತೆ ಕಂಪನಿಯವರಿಂದ ಏರ್ಪಾಡು ಮಾಡಿಸಿ. ಆಮೇಲೆ ಒಂದು ದಿನ ನೀವೇ ಮೇನ್ ಸ್ವಿಚ್ ಆರಿಸಿ, ಹೊರಗಿನಿಂದ ನಿಮ್ಮ ನಂಬರಿಗೆ ಕರೆ ಮಾಡಿ ನೋಡಿ. ಯಾರಾದರೂ “ಹಲೋ” ಎಂದರೆ ಮಾತ್ರ ಬಿಲ್ಲಿಗೆ ಸಹಿ ಹಾಕಿ.